ಕಾಲವಲ್ಲದ ಕಾಲದಲ್ಲಿ ಉಯ್ಯಾಲೆ

ಮೇ ಖೋಮ್ ತಾಲ್ಲೂಕು ಕಚೇರಿಯ ಕಕ್ಕಸು ತೊಳೆಯುತ್ತಿದ್ದ ಹೆಂಗಸಿಗೆ ದೇಶವಿರಲಿಲ್ಲ.

ಅವಳ ಹೆಸರು ಮೀಸೂ. ಬೆಟ್ಟದ ಮೇಲಿನ ಲೋಪಾ ಎಂಬ ಆಖಾ ಬುಡಕಟ್ಟಿನ ಊರಿನವಳು. ಅಲ್ಲಿಯೇ, ಅಪ್ಪ ಕಟ್ಟಿದ ಬಿದಿರಿನ ಅಟ್ಟದ ಮೇಲೆ ಹುಟ್ಟಿದವಳು. ಆ ನೆಲ ಥಾಯ್ ನೆಲವೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವಳು ಹುಟ್ಟಿದಾಗ ಬೆಟ್ಟ ಹತ್ತಿ ಬಂದು ಬರೆದುಕೊಂಡು ಹೋಗುವ ಗುಮಾಸ್ತನಿರಲಿಲ್ಲ, ಅಷ್ಟೆ. ಆದ್ದರಿಂದ ಅವಳು ಹುಟ್ಟಿಲ್ಲವೆಂಬುದು ಸರ್ಕಾರದ ಅಭಿಪ್ರಾಯವಾಗಿತ್ತು. ಹುಟ್ಟದವಳಿಂದ ಕಕ್ಕಸು ತೊಳೆಸಿಕೊಳ್ಳಲು ಸರ್ಕಾರಕ್ಕೆ ಮುಜುಗರವೇನೂ ಇರಲಿಲ್ಲ.

ಪೌರತ್ವದ ಕಾರ್ಡಿಗೆ ಅರ್ಜಿ ಹಾಕಿದಾಗ ಅವಳ ಕೂದಲು ಕಪ್ಪಾಗಿತ್ತು. ಈಗ ಕಿವಿಯ ಹತ್ತಿರ ಬೆಳ್ಳಗಾಗಿದೆ. ಇಷ್ಟರಲ್ಲಿ ಹಳೆಯ ಕಚೇರಿಯನ್ನು ಕೆಡವಿ ಹೊಸದನ್ನು ಕಟ್ಟಿದರು. ಹೊಸ ಕಚೇರಿಗೆ ಮರಳು ಹೊತ್ತವರಲ್ಲಿ ಅವಳೂ ಒಬ್ಬಳು. ಹಣೆಗೆ ಪಟ್ಟಿ ಕೊಟ್ಟು, ಬೆನ್ನ ಮೇಲೆ ಬುಟ್ಟಿ ಹೊತ್ತು, ಕತ್ತಿನ ನರ ಉಬ್ಬುವಂತೆ ಹತ್ತಿ ಇಳಿದಿದ್ದಳು. ಗೋಡೆ ಎದ್ದ ಮೇಲೆ ಸಾಲಾಗಿ ಕಿಟಕಿಗಳನ್ನಿಟ್ಟರು. ಒಂದೊಂದು ಕಿಟಕಿಗೂ ಒಂದು ಗಾಜು, ಗಾಜಿನ ಹಿಂದೆ ಒಂದು ಕುರ್ಚಿ. ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇಂದಿಗೂ ಬಿಚ್ಚಿಲ್ಲ. ಕೂರುವುದು ಒಬ್ಬಳೇ. ಪ್ಲಾ ಎಂಬ ಹುಡುಗಿ. ಇಡೀ ಬೆಟ್ಟಸಾಲಿನ ಅರ್ಜಿಗಳೆಲ್ಲ ಆ ಹುಡುಗಿಯ ಮೇಜಿಗೆ ಬಂದು ಬೀಳುತ್ತಿದ್ದವು. ಅವಳಿಗೆ ತಲೆನೋವು ಬಂದ ದಿನ ಬೆಟ್ಟದವರಿಗೆಲ್ಲ ರಜೆ.

ಕಚೇರಿಯಲ್ಲಿ ಜನರೇ ಇರಲಿಲ್ಲವೆಂದಲ್ಲ. ಜೀಪು ಓಡಿಸಲು ಜನರಿದ್ದರು. ಧ್ವಜಸ್ತಂಭದ ಸುತ್ತ ಹೂಕುಂಡ ಜೋಡಿಸಲು, ಫೋಟೋ ತೆಗೆಯಲು, ತೆಗೆದ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಲು ಪ್ರತ್ಯೇಕ ಜನರಿದ್ದರು. ಅರ್ಜಿ ನೋಡಲು ಮಾತ್ರ ಸಿಬ್ಬಂದಿಯಿರಲಿಲ್ಲ.

ಬೆಟ್ಟದ ಕಡತಗಳ ಮೇಲಿನ ಉಪಾಧಿಕಾರಿಯನ್ನು ಎಲ್ಲರೂ ಪಲಾತ್ ಎಂದು ಕರೆಯುತ್ತಿದ್ದರು. ಈ ಮೂಲೆಗೆ ಬಂದ ಪಲಾತ್ ಬಂದ ಕೂಡಲೇ ವರ್ಗಾವಣೆಗೆ ಅರ್ಜಿ ಬರೆಯುತ್ತಿದ್ದ. ಅವನ ಅರ್ಜಿಗೆ ಬೇಗ ಉತ್ತರ ಬರುತ್ತಿತ್ತು. ಅವನು ಹೋದರೆ ಇನ್ನೊಬ್ಬ. ಹಿಂದಿನವನ ವಿಚಾರಣೆಯ ಮೇಲೆ ನಂಬಿಕೆಯಿಲ್ಲವೆಂದು ಹೊಸಬ ಮೊದಲಿನಿಂದ ಶುರು ಮಾಡುತ್ತಿದ್ದ. ಅಪ್ಪ ಯಾರು? ಸೂಲಗಿತ್ತಿ ಯಾರು? ಸತ್ತಿದ್ದಾಳೆಯೇ? ಸತ್ತವಳನ್ನು ಸಾಕ್ಷಿಗೆ ಕರೆತರಲು ಆಗುವುದಿಲ್ಲವೇ? ಸರಿ, ರಾಷ್ಟ್ರಗೀತೆ ಹಾಡು. ಪ್ರತಿಯೊಬ್ಬ ಪಲಾತನ ಮುಂದೆಯೂ ಮೀಸೂ ಎದ್ದು ನಿಂತು ಹಾಡಿದ್ದಳು. ಅವಳು ಹಾಡುವಾಗ ಒಬ್ಬ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಇನ್ನೊಬ್ಬ ಫೋನಿನಲ್ಲಿ ಕುದುರೆ ರೇಸು ನೋಡುತ್ತಿದ್ದ.

ಕಡತ ಮುಂದೆ ಸರಿಯಬೇಕಾದರೆ ಅರ್ಜಿದಾರರು ಸ್ವಲ್ಪ ಕೈ ಜೋಡಿಸಬೇಕು ಎಂಬ ಪದ್ಧತಿಯೂ ಅಲ್ಲಿತ್ತು. ಗಂಡಸರು ಹುಲ್ಲು ಹೊಡೆಯುತ್ತಿದ್ದರು, ಜೀಪು ತೊಳೆಯುತ್ತಿದ್ದರು. ಹೆಂಗಸರು ನೆಲ ಒರೆಸುತ್ತಿದ್ದರು. ಮೀಸೂಳ ಪಾಲಿಗೆ ಕಕ್ಕಸು ಬಂದಿತ್ತು. ಆಸಿಡ್ಡಿನ ಹೊಗೆ ಮೂಗಿನೊಳಗೆ ಕೂತು, ಮನೆಗೆ ಹೋಗಿ ಅನ್ನ ಉಂಡರೂ ಅದೇ ವಾಸನೆ.

ಇದೆಲ್ಲ ಎಲ್ಲ ಕಡೆಯೂ ಹೀಗೆಯೇ ಎಂದುಕೊಂಡಿದ್ದರೆ ಸುಮ್ಮನಿರಬಹುದಾಗಿತ್ತು. ಹೊಳೆಯ ಆಚೆ ದಡದಲ್ಲಿ ಹೀಗಿರಲಿಲ್ಲ.

ಆಚೆ ದಡ ಬೇರೆ ತಾಲ್ಲೂಕು. ಹೆಸರು ದೊಯ್ ಫಾ. ಲೋಪಾದ ಅಂಚಿನಲ್ಲಿ ನಿಂತರೆ ಅಲ್ಲಿನ ಕೋಳಿ ಕೂಗುವುದು ಕೇಳಿಸುತ್ತದೆ. ನಡುವೆ ಆಳವಾದ ಕಂದಕ, ಕಂದಕದ ತಳದಲ್ಲಿ ಹೊಳೆ, ದಾಟಲು ಒಂದು ಸೇತುವೆ. ಅಲ್ಲಿ ಚಹಾ ಕಂಪನಿಯಿತ್ತು, ಕಂಪನಿಯವರದೇ ರೆಸಾರ್ಟು ಇತ್ತು. ಕಂಪನಿಗೆ ಕಾರ್ಡಿರುವ ಕೂಲಿಗಳು ಬೇಕಾಗಿದ್ದರು. ಆದ್ದರಿಂದ ಅಲ್ಲಿನ ಕಚೇರಿಯ ಕುರ್ಚಿಗಳಲ್ಲಿ ಗುಮಾಸ್ತರು ಕೂತಿದ್ದರು. ಕೂತು ಕೆಲಸವನ್ನೂ ಮಾಡುತ್ತಿದ್ದರು. ಸೇತುವೆಗೆ ಪೊಲೀಸ್ ಚೌಕಿ ಬರುವ ಮೊದಲೇ ಮೀಸೂಳ ತಂಗಿ ಬೂಲೋ ಆ ದಡಕ್ಕೆ ಮದುವೆಯಾಗಿ ಹೋದಳು. ಭತ್ತ ನೆಡುವಾಗ ಅರ್ಜಿ ಕೊಟ್ಟಳು, ಕೊಯ್ಯುವಾಗ ಕಾರ್ಡು ಕೈಯಲ್ಲಿತ್ತು. ಅವಳ ಜೊತೆಗೆ ಹೋಗಿದ್ದ ಮುದಿ ತಾಯಿಗೂ ಸಿಕ್ಕಿತು.

ಒಂದೇ ತಾಯಿ, ಒಂದೇ ತಂದೆ, ಒಂದೇ ಬಿದಿರಿನ ಅಟ್ಟ. ತಂಗಿ ಥಾಯ್ ಪ್ರಜೆ. ಅಕ್ಕ ಯಾರೂ ಅಲ್ಲ.

"ನನ್ನ ತಂಗಿದು ಆಗಿದೆಯಲ್ಲ ಸಾಹೇಬ್ರೇ, ಅದೇ ಅಪ್ಪನ ಮಗಳು ನಾನು" ಎಂದು ಅವಳು ಒಮ್ಮೆ ಕೇಳಿದ್ದಳು. "ಅದು ಆ ತಾಲ್ಲೂಕು ಒಪ್ಪಿದ ಅಪ್ಪ. ನಮ್ಮ ತಾಲ್ಲೂಕು ಇನ್ನೂ ಒಪ್ಪಿಲ್ಲ" ಎಂದಿದ್ದ ಆಗಿನ ಪಲಾತ್.

ಈಗ ತಾಯಿ ಆಚೆ ದಡದಲ್ಲಿ ಮಲಗಿದ್ದಾಳೆ. ಕಾಲು ಊದಿದೆ, ಉಸಿರು ಕುತ್ತಿಗೆಗೆ ಬಂದಿದೆ. ಹಿರಿಯ ಮಗಳನ್ನು ಕರೆಯುತ್ತಿದ್ದಾಳೆ. ಕಾರ್ಡಿಲ್ಲದವರು ತಾಲ್ಲೂಕು ದಾಟುವಂತಿಲ್ಲ. ಸೇತುವೆಯ ಬಾಯಲ್ಲಿ ಪೊಲೀಸ್ ಚೌಕಿ. ದಾಟಲು ಚೀಟಿ ಬೇಕು, ಚೀಟಿಗೆ ಪಲಾತನ ಸಹಿ ಬೇಕು.

ಈಗಿನ ಪಲಾತನ ಹೆಸರು ತವೀಪ್. ಮೀಸೂ ಕಕ್ಕಸಿನಿಂದ ಬಂದು, ಕೈ ಒರೆಸಿಕೊಂಡು, ಅವನ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

"ಸಾಹೇಬ್ರೇ, ನಮ್ಮವ್ವ ಉಳಿಯೋ ಹಂಗಿಲ್ಲ. ಒಂದು ಚೀಟಿ ಬರ್ಕೊಡಿ."

"ಚೀಟಿ ಯಾತಕ್ಕೆ?" ತವೀಪ್ ನಕ್ಕ. ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಎರಡು ಬೆರಳಲ್ಲಿ ಹಿಡಿದು ತೋರಿಸಿದ. "ನೋಡಿದ್ಯಾ? ಯಾರ ಮುಖ ಹೇಳು."

ಅವಳ ಮುಖವೇ. ಅವಳ ಹೆಸರು. ಅಂಕಿಗಳ ಸಾಲು. ಮೀಸೂ ಎದ್ದಳು. ಕೈ ಚಾಚಿದಳು. ಕಾರ್ಡು ಮತ್ತೆ ಜೇಬಿಗೆ ಹೋಯಿತು.

"ಅವಸರ ಯಾಕೆ? ಗುರುವಾರ ರಾಜಧಾನಿಯಿಂದ ಇಲಾಖೆಯ ದೊಡ್ಡೋರು ಬರ್ತಾರೆ. ನಿಮ್ಮೂರಲ್ಲೇ ಕಾರ್ಯಕ್ರಮ. ಅವರ ಕೈಯಿಂದ್ಲೇ ಕೊಡಿಸ್ತೀನಿ."

"ಈಗ್ಲೇ ಕೊಡಿ ಸಾಹೇಬ್ರೇ. ಗುರುವಾರ ಬಂದು ಬೇಕಾದ್ರೆ ನಿಂತ್ಕೋತೀನಿ."

"ಕೈಗೆ ಕೊಟ್ಮೇಲೆ ನೀವು ಬೆಟ್ಟದೋರು ತಿರುಗಿ ನೋಡ್ತೀರಾ? ನಿನ್ನ ಹತ್ರ ಬೆಳ್ಳಿ ಕಿರೀಟ ಇದೆಯಂತಲ್ಲ, ಹಳೇ ಕಾಲದ್ದು?"

"ಅಜ್ಜಿದು. ಇದೆ."

"ಅದಕ್ಕೇ ನಿನ್ನನ್ನ ಆರಿಸಿದ್ದು. ಹಾಕ್ಕೊಂಡು ಬಾ. ಆಮೇಲೆ ಮೂರನೇ ಕಕ್ಕಸು ಇನ್ನೂ ನಾರ್ತಾ ಇದೆ, ಹೋಗ್ತಾ ನೋಡ್ಕೊಂಡು ಹೋಗು."

ಇಷ್ಟು ವರ್ಷ ಅಪ್ಪನ ರಕ್ತ, ಸೂಲಗಿತ್ತಿಯ ಸಾಕ್ಷಿ, ರಾಷ್ಟ್ರಗೀತೆ ಯಾವುದೂ ಸಾಲದೆ ಬಿದ್ದಿದ್ದ ಕಡತ ಅಜ್ಜಿಯ ಕಿರೀಟದಿಂದ ಮೇಲೆದ್ದಿತ್ತು. ಮೀಸೂ ಹೋಗಿ ಮೂರನೇ ಕಕ್ಕಸನ್ನು ಮತ್ತೆ ತೊಳೆದಳು.

ಗುರುವಾರಕ್ಕೆ ಮುಂಚೆ ಊರಿಗೆ ಊರೇ ದುಡಿಯಿತು. ದೊಡ್ಡವರ ಕಾರು ಕುಲುಕಬಾರದೆಂದು ರಸ್ತೆಯ ಗುಂಡಿಗೆ ಕಲ್ಲು ತುಂಬಿದರು. ಧ್ವನಿವರ್ಧಕದ ಪೆಟ್ಟಿಗೆಗಳನ್ನು ಹೆಂಗಸರು ಹಣೆಪಟ್ಟಿ ಕಟ್ಟಿ ಹೊತ್ತರು. ಕಚೇರಿಯ ಡ್ರೈವರುಗಳು ನೆರಳಲ್ಲಿ ಕೂತು, "ಜೋಕೆ ಕಣ್ರೋ, ಸರ್ಕಾರದ ಸಾಮಾನು" ಎನ್ನುತ್ತಿದ್ದರು.

ಊರ ಹಿರಿಹೆಂಗಸು, ಎಲ್ಲರೂ ಆಪೀ ಎಂದು ಕರೆಯುವ ಅಜ್ಜಿ ಛೂಮಾ, ಎಲೆಯಡಿಕೆ ಉಗಿದು ಹೇಳಿದಳು: "ಅಲ್ವೇ ಮೀಸೂ, ಈ ದೊಡ್ಡೋನಿಗೆ ಅಂಡಲ್ಲಿ ಮೂಳೆ ಇಲ್ವಾ? ಮೂರು ಮೆತ್ತೆ ಕುರ್ಚಿ ತರ್ಸವ್ರೆ."

"ಸುಮ್ನಿರು ಆಪೀ. ನನ್ನ ಕಾರ್ಡು ಬರ್ಲಿ, ಆಮೇಲೆ ಬೈಯುವಂತೆ."

"ಬರ್ಲಿ ತಾಯಿ. ನಂಗಂತೂ ಮಣ್ಣು ಮಾಡೋವಾಗ ಕಾರ್ಡು ಎದೆ ಮೇಲೆ ಇಡ್ತಾರೋ ಏನೋ."

ಗುರುವಾರ ಬೆಳಿಗ್ಗೆ ಮೀಸೂ ಕಿರೀಟ ತೊಟ್ಟಳು. ಬೆಳ್ಳಿಯ ಗುಂಡುಗಳು, ಮಣಿಸರಗಳು, ಬರ್ಮಾದ ಕಡೆಯಿಂದ ಬಂದ ಯಾವುದೋ ರಾಜನ ತಲೆಯ ಹಳೆ ರೂಪಾಯಿಗಳು. ಹೆಜ್ಜೆಯಿಟ್ಟರೆ ಸದ್ದು. ಕತ್ತು ನೋಯುತ್ತಿತ್ತು. ಕಾರ್ಡು ಸಿಕ್ಕ ಗಳಿಗೆಯಲ್ಲೇ ಸೇತುವೆಗೆ ಇಳಿಯಬೇಕೆಂದು, ತಾಯಿಗೆ ಬೇಯಿಸಿದ ಅನ್ನವನ್ನು ಬಾಳೆಲೆಯಲ್ಲಿ ಕಟ್ಟಿ ಸೊಂಟದ ಚೀಲಕ್ಕೆ ಹಾಕಿಕೊಂಡಿದ್ದಳು.

ಶಾಮಿಯಾನವನ್ನು ಊರ ಉಯ್ಯಾಲೆಯ ಪಕ್ಕದಲ್ಲೇ ಹಾಕಿದ್ದರು.

ಆ ಉಯ್ಯಾಲೆ ಮಕ್ಕಳ ಆಟದ್ದಲ್ಲ. ನಾಲ್ಕು ಎತ್ತರದ ಮರಗಳನ್ನು ನೆಟ್ಟು ತುದಿ ಕೂಡಿಸಿ ಕಟ್ಟುವುದು. ಮಳೆಗಾಲದ ಕೊನೆಗೆ, ಪೈರಿಗಾಗಿ, ಹೆಂಗಸರ ಹಬ್ಬದಲ್ಲಿ ಮಾತ್ರ ತೂಗುವುದು. ಹಬ್ಬ ಮುಗಿದ ಸಂಜೆ ಊರ ಹಿರಿಯನು ಹಗ್ಗವನ್ನು ಕಂಬಕ್ಕೆ ಸುತ್ತಿ ಕಟ್ಟುತ್ತಾನೆ. ಮುಂದಿನ ವರ್ಷದವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ವರ್ಷ ಕೆಡುತ್ತದೆ, ಊರಲ್ಲಿ ಸಾವಾಗುತ್ತದೆ ಎನ್ನುತ್ತಾರೆ. ಮುಟ್ಟಿ ನೋಡಿದವರು ಯಾರೂ ಇಲ್ಲ.

ಈಗ ಚಳಿಗಾಲ. ಹಗ್ಗ ಸುತ್ತಿದಂತೆಯೇ ಇತ್ತು.

ತವೀಪ್ ಕೈ ಸೊಂಟಕ್ಕಿಟ್ಟು ಮೇಲೆ ನೋಡಿದ. "ಇದನ್ನ ಬಿಚ್ಚಿ. ದೊಡ್ಡೋರು ಬರ್ತಿದ್ದ ಹಾಗೇ ಇವಳು ತೂಗ್ತಿರಬೇಕು. ಕಿರೀಟ, ಬೆಟ್ಟ, ಆಕಾಶ. ಫೋಟೋ ಅಂದ್ರೆ ಅದು."

ಊರ ಹಿರಿಯ ಲೋಸಾ ಕೈ ಹಿಸುಕಿಕೊಂಡ. "ಸಾಹೇಬ್ರೇ, ಅದು ಕಟ್ಟಿದ ಹಗ್ಗ. ಈಗ ಬಿಚ್ಚಬಾರದು."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಬಿಚ್ಚಲ್ಲ, ಅಷ್ಟೆ."

"ನಿಂದೂ ಅರ್ಜಿ ಇದೆಯಲ್ಲ, ತಾತ?"

ಲೋಸಾ ತಲೆ ತಗ್ಗಿಸಿದ. ಅವನ ಅರ್ಜಿ ಮೀಸೂಳದ್ದಕ್ಕಿಂತ ಹಳೆಯದು. ತವೀಪ್ ಡ್ರೈವರಿಗೆ ಕಣ್ಣು ಮಾಡಿದ. ಡ್ರೈವರು ಬೂಟುಗಾಲಿನಲ್ಲೇ ಕಂಬ ಹತ್ತಿ ಹಗ್ಗ ಬಿಚ್ಚಿದ. ಅದು ಸರಸರನೆ ಕೆಳಗಿಳಿದು ಗಾಳಿಯಲ್ಲಿ ಆಡಿತು. ನೆರೆದಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು.

"ಬಾ, ಹತ್ತು" ಎಂದ ತವೀಪ್.

ಮೀಸೂ ಕದಲಲಿಲ್ಲ.

"ಏಯ್, ನಿಂಗೇ ಹೇಳ್ತಿರೋದು. ಒಂದು ನಾಲ್ಕು ಸಲ ತೂಗು. ಇಳಿದ ಮೇಲೆ ಇದು ನಿಂದು." ಜೇಬಿನಿಂದ ಕಾರ್ಡು ಅರ್ಧ ಹೊರಗೆ ಬಂತು. "ನಿಮ್ಮವ್ವನ್ನ ನೋಡ್ಬೇಕಾ ಬೇಡ್ವಾ?"

ನೋಡಬೇಕಾಗಿತ್ತು. ಅದೊಂದೇ ಬೇಕಾಗಿತ್ತು. ಪೈರು, ಸಾವು ಇವುಗಳಲ್ಲಿ ಮೀಸೂಳ ನಂಬಿಕೆ ಅಷ್ಟಕ್ಕಷ್ಟೆ. ನಾಲ್ಕು ಸಲ ತೂಗಿ ಇಳಿದರೆ ಹೊಳೆ ದಾಟಬಹುದು. ಅವಳ ಕಾಲು ಮುಂದೆ ಹೋದದ್ದೂ ನಿಜ. ಹಗ್ಗದ ಕುಣಿಕೆಯನ್ನು ಹಿಡಿದದ್ದೂ ನಿಜ. ಲೋಸಾ ಮುಖ ತಿರುಗಿಸಿ ನಿಂತಿದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹಗ್ಗ ಕೈಯಲ್ಲಿದ್ದಂತೆಯೇ ಅವಳು ಕೇಳಿದಳು:

"ಸಾಹೇಬ್ರೇ, ಆ ದಡದಲ್ಲಿ ನನ್ನ ತಂಗಿ ಏನು ತೂಗಿದ್ಲು?"

"ಏನು?"

"ನನ್ನ ತಂಗಿ. ಕಾರ್ಡು ತಗೊಳ್ಳೋವಾಗ ಕುರ್ಚೀಲಿ ಕೂತಿದ್ಲು. ಕಚೇರಿಯೋರು ನೀರು ಕೊಟ್ರಂತೆ, ಬಾಟ್ಲಿ ನೀರು. ಹೆಬ್ಬೆಟ್ಟು ಒತ್ತಿಸ್ಕೊಂಡು ಕಳಿಸಿದ್ರಂತೆ. ಕಕ್ಕಸು ತೊಳೀಲಿಲ್ಲ. ಮರಳು ಹೊರಲಿಲ್ಲ. ಏನೂ ತೂಗ್ಲಿಲ್ಲ."

"ಅದು ಬೇರೆ ತಾಲ್ಲೂಕು. ಅಲ್ಲಿ ಸಿಬ್ಬಂದಿ ಇದೆ. ನಮ್ಮ ಕಷ್ಟ ನಿಂಗೇನು ಗೊತ್ತು?"

"ಗೊತ್ತು. ನಿಮ್ಮ ಕಷ್ಟದ ಕಕ್ಕಸೆಲ್ಲ ನಾನೇ ತೊಳ್ದಿರೋದು."

ಹಿಂದಿನಿಂದ ಆಪೀ ಛೂಮಾ ಕಿಸಕ್ಕನೆ ನಕ್ಕಳು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ತವೀಪನ ಕಿವಿ ಕೆಂಪಾಯಿತು.

"ಬಾಯಿ ಜಾಸ್ತಿಯಾಯ್ತು. ಹತ್ತುತೀಯೋ ಇಲ್ವೋ?"

ಮೀಸೂ ಹಗ್ಗ ಬಿಟ್ಟಳು. "ಇಲ್ಲ."

"ಇಲ್ಲ ಅಂದ್ರೆ?"

"ಹತ್ತಲ್ಲ ಅಂದೆ. ಇಷ್ಟು ವರ್ಷ ನಿಮ್ಮ ಕೈಲಿ ನಿಮ್ಮ ಕೆಲಸ ಆಗ್ಲಿಲ್ಲ. ಈಗ ನಿಮ್ಮ ಫೋಟೋಗೆ ನಮ್ಮ ವರ್ಷ ಕೆಡಿಸಬೇಕಾ? ಅದು ನನ್ನ ಕಾರ್ಡು. ತಯಾರಾಗಿದೆ. ಕೊಡೋದು ನಿಮ್ಮ ಕೆಲಸ, ದಾನ ಅಲ್ಲ. ಕೊಡಿ."

ತವೀಪ್ ಕಾರ್ಡನ್ನು ಜೇಬಿನೊಳಕ್ಕೆ ಪೂರ್ತಿಯಾಗಿ ತಳ್ಳಿ ಗುಂಡಿ ಹಾಕಿಕೊಂಡ. "ನಾನಿರೋವರೆಗೆ ನಿಂಗಿದು ಸಿಗಲ್ಲ. ನಾನು ಹೋದ್ಮೇಲೆ ಬರೋನು ಮೊದಲಿಂದ ಕೇಳ್ತಾನೆ. ಹಾಡ್ಕೊಂಡಿರು." ಉಳಿದ ಹೆಂಗಸರ ಕಡೆ ತಿರುಗಿದ. "ಯಾರು ಹತ್ತುತೀರ? ಮುಂದಿನ ಕಾರ್ಡು ಅವರದ್ದೇ."

ಯಾರೂ ಹತ್ತಲಿಲ್ಲ. ಒಬ್ಬಳು ಮಗುವಿಗೆ ಮೊಲೆಯೂಡಿಸಲು ಕೂತಳು. ಒಬ್ಬಳು ಕಿವಿ ಕೇಳದವಳಂತೆ ನಿಂತಳು. "ನಾನು ಹತ್ತಲಾ ಸಾಹೇಬ್ರೇ?" ಎಂದಳು ಆಪೀ ಛೂಮಾ. "ಬಿದ್ರೆ ನೀವೇ ಹಿಡ್ಕೋಬೇಕು."

ಕೆಳಗಿನ ತಿರುವಿನಲ್ಲಿ ಕಾರುಗಳ ಸದ್ದು ಕೇಳಿಸಿತು. ತವೀಪ್ ಸುತ್ತ ನೋಡಿದ. ಕೊನೆಗೆ ಅವನ ಕಣ್ಣು ಹೋಗಿ ನಿಂತದ್ದು ಪ್ಲಾಳ ಮೇಲೆ. ಪಾಪ, ಆ ಹುಡುಗಿ ಬಯಲುಸೀಮೆಯವಳು. ಸಮಾರಂಭಕ್ಕೆಂದು ಕಚೇರಿಯಲ್ಲಿ ತೆರೆದಿದ್ದ ಒಂದೇ ಕಿಟಕಿಯನ್ನೂ ಮುಚ್ಚಿ ಅವಳನ್ನು ಕರೆತಂದಿದ್ದರು. ರೆಸಾರ್ಟಿನ ಫೋಟೋ ಅಂಗಡಿಯಲ್ಲಿ ಪ್ರವಾಸಿಗಳು ತೊಟ್ಟು ಕಳಚುವ ಒಂದು ಬುಡಕಟ್ಟಿನ ಉಡುಪು ಜೀಪಿನಲ್ಲಿತ್ತು. ಪ್ಲಾಸ್ಟಿಕ್ ಗುಂಡುಗಳ ಟೋಪಿ, ಬೆನ್ನಿಗೆ ಪಿನ್ನು. ಅದನ್ನು ಅವಳಿಗೆ ತೊಡಿಸಿದರು.

"ಸರ್, ನಂಗೆ ಎತ್ತರ ಅಂದ್ರೆ ಭಯ" ಎಂದು ಪ್ಲಾ ಅಳುಮೋರೆ ಮಾಡಿದಳು.

"ಎರಡು ನಿಮಿಷ ಕಣಮ್ಮಾ, ಕಣ್ಣು ಮುಚ್ಕೋ."

ಅರ್ಜಿ ನೋಡಲು ಸಿಗದ ಸಿಬ್ಬಂದಿ ಹೀಗೆ ಉಯ್ಯಾಲೆ ತೂಗಲು ಸಿಕ್ಕಿತು.

ದೊಡ್ಡವರು ಇಳಿದರು. ಪ್ಲಾ ಆಕಾಶದಲ್ಲಿ ಚೀರುತ್ತಿದ್ದಳು. ಅದನ್ನು ಬೆಟ್ಟದ ಹಾಡೆಂದು ತಿಳಿದು ದೊಡ್ಡವರು ಚಪ್ಪಾಳೆ ತಟ್ಟಿದರು. ಅವಳನ್ನು ಇಳಿಸಿ, ನೆಟ್ಟಗೆ ನಿಲ್ಲಿಸಿ, ಬಾಗಿಲಿನಷ್ಟು ಅಗಲದ ರಟ್ಟಿನ ಕಾರ್ಡೊಂದನ್ನು ಅವಳ ಕೈಗಿಟ್ಟರು. ಹುಟ್ಟಿನಿಂದಲೇ ಥಾಯ್ ಪ್ರಜೆಯಾಗಿದ್ದ ಪ್ಲಾಗೆ ಆ ದಿನ ಮತ್ತೊಮ್ಮೆ ಪೌರತ್ವ ದಯಪಾಲಿಸಲಾಯಿತು. ರಟ್ಟಿನ ಮೇಲೆ ಮೀಸೂಳ ಮುಖವಿತ್ತು. ದೊಡ್ಡವರು ನೋಡಲಿಲ್ಲ. ನೋಡಿದ್ದರೂ ಅವರ ಕಣ್ಣಿಗೆ ಬೆಟ್ಟದ ಮುಖಗಳೆಲ್ಲ ಒಂದೇ ಆಗಿರಬೇಕು. ಮೈಕಿನ ಮುಂದೆ ನಿಂತು, "ಈ ತಾಲ್ಲೂಕಿನ ವೇಗ ಇಡೀ ದೇಶಕ್ಕೆ ಮಾದರಿ" ಎಂದರು.

ಬೇಲಿಯ ಬಳಿ ನಿಂತು ಇಷ್ಟನ್ನೂ ನೋಡಿದ ಮೀಸೂ ಕ್ಯಾಕರಿಸಿ ಉಗಿದಳು. ಆಮೇಲೆ ತಿರುಗಿ ಇಳಿಜಾರು ಹಿಡಿದಳು.

"ಎಲ್ಲಿಗೆ ಹೋಗ್ತೀಯೇ?" ಎಂದು ಕೂಗಿದಳು ಛೂಮಾ.

"ನಮ್ಮವ್ವನ ಹತ್ರ."

ಸೇತುವೆಯ ಬಾಯಲ್ಲಿ ಕೆಂಪು ಬಿಳಿ ಬಳಿದ ಅಡ್ಡಗಂಬ ಕೆಳಗಿಳಿದಿತ್ತು. ಕಾವಲಿನ ಪೊಲೀಸಿನವನು ನೂಡಲ್ಸ್ ತಿನ್ನುತ್ತಿದ್ದವನು ಬಾಯಿ ಒರೆಸಿಕೊಂಡು ಎದ್ದ.

"ಕಾರ್ಡು?"

"ನಿಮ್ಮ ಪಲಾತ್ ಸಾಹೇಬ್ರ ಜೇಬಲ್ಲಿದೆ. ಹೋಗಿ ಇಸ್ಕೊಳ್ಳಿ."

"ತಮಾಷೆ ಮಾಡ್ತೀಯಾ? ಚೀಟಿ ಇದ್ಯಾ?"

"ಇಲ್ಲ."

"ಹಾಗಾದ್ರೆ ವಾಪಸ್ ಹೋಗು ತಾಯಿ. ನಂಗೆ ತೊಂದ್ರೆ ಕೊಡ್ಬೇಡ. ದೊಡ್ಡೋರು ಊಟಕ್ಕೆ ಆ ಕಡೆ ರೆಸಾರ್ಟಿಗೆ ಹೋಗ್ತಾರೆ, ಈಗ ಬಂದ್ಬಿಡ್ತಾರೆ."

"ಬರ್ಲಿ. ನಾನೂ ಅಲ್ಲಿಗೇ ಹೋಗ್ತಿರೋದು."

ಅವಳು ಅಡ್ಡಗಂಬಕ್ಕೆ ಎದೆ ತಾಗಿಸಿ ನಿಂತಳು. ಬಗ್ಗಿ ನುಸುಳಬಹುದಾಗಿತ್ತು. ಬಗ್ಗಬೇಕಾದರೆ ಕಿರೀಟ ಕಳಚಬೇಕಾಗಿತ್ತು. ಅವಳು ಕಳಚಲಿಲ್ಲ. ಪೊಲೀಸಿನವನು ಅವಳ ತೋಳು ಹಿಡಿದು ಎಳೆದ. ಮರಳು ಹೊತ್ತ ಮೈ, ಕದಲಲಿಲ್ಲ. ಎರಡನೆಯ ಸಲ ಎಳೆಯುವಷ್ಟರಲ್ಲಿ ಹಿಂದೆ ಹಾರನ್ನು ಕೇಳಿಸಿತು. ಕಾರುಗಳು ಬಂದಿದ್ದವು. ಅವನು ತೋಳು ಬಿಟ್ಟ. ಒಂದು ಕೈ ಸಲಾಮಿಗೆ ಹೋಯಿತು, ಇನ್ನೊಂದು ಕೈ ಅಭ್ಯಾಸಬಲದಿಂದ ಅಡ್ಡಗಂಬವನ್ನು ಎತ್ತಿತು.

ಮೀಸೂ ನಡೆದಳು. ಸೇತುವೆಯ ನಟ್ಟನಡುವೆ.

ಸೇತುವೆ ಕಿರಿದು. ಮೊದಲನೆಯ ಕಾರು ಅವಳ ಹಿಂದೆ ನಿಧಾನವಾಗಿ ತೆವಳಿತು. ಅದರ ಗಾಜು ಇಳಿಯಿತು. ದೊಡ್ಡವರು ತಲೆ ಹೊರಗೆ ಹಾಕಿ, "ಎಷ್ಟು ಚೆಂದ! ಇದನ್ನೂ ನೀವೇ ಏರ್ಪಾಡು ಮಾಡಿಸಿದ್ದಾ, ತವೀಪ್?" ಎಂದು ಕೂಗಿ ಫೋನಿನಲ್ಲಿ ಫೋಟೋ ತೆಗೆದರು. ಎರಡನೆಯ ಕಾರಿನಿಂದ ತವೀಪ್ ಇಣುಕಿದ. ಹಾರನ್ನು ಒತ್ತುವಂತಿಲ್ಲ, ಮುಂದೆ ದೊಡ್ಡವರು. ಹಿಡಿಯಿರಿ ಎನ್ನುವಂತಿಲ್ಲ, ಯಾಕೆಂದು ಕೇಳುತ್ತಾರೆ. "ಹೌದು ಸರ್" ಎಂದ.

ಮೀಸೂ ಅವಸರ ಮಾಡಲಿಲ್ಲ. ಕತ್ತು ನೆಟ್ಟಗಿಟ್ಟುಕೊಂಡು ನಡೆದಳು. ಬೆಳ್ಳಿ ಸದ್ದು ಮಾಡುತ್ತಿತ್ತು. ಸರ್ಕಾರ ಅವಳ ಹಿಂದೆ ಮೊದಲನೇ ಗೇರಿನಲ್ಲಿ ಬರುತ್ತಿತ್ತು.

ಆಚೆ ದಡದಲ್ಲಿ ರಸ್ತೆ ಅಗಲವಾಯಿತು. ಕಾರುಗಳು ರೆಸಾರ್ಟಿನ ಕಡೆ ತಿರುಗಿದವು. ಅವಳು ಕಾಲುದಾರಿ ಹಿಡಿದು ಹತ್ತಿದಳು.

ಬೂಲೋ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದಳು. ಅಕ್ಕನನ್ನು ಕಂಡು ಕೊಡಲಿ ಕೆಳಗಿಟ್ಟಳು. ಕೈ ಖಾಲಿಯಿರುವುದನ್ನೂ ಕಂಡಳು.

"ಅಯ್ಯೋ ಅಕ್ಕಾ, ಕಾಗದ ಇಲ್ದೆ ಬಂದ್ಯಾ? ನಾಳೆ ಪೊಲೀಸ್ರು ಬರ್ತಾರೆ ಕಣೇ."

"ಬರ್ಲಿ. ಅದಕ್ಕೆ ಅವರ ಹತ್ರ ಜನ ಇದಾರೆ."

ಒಳಗೆ ಒಲೆಯ ಬದಿಯಲ್ಲಿ ತಾಯಿ ಚಾಪೆಯ ಮೇಲಿದ್ದಳು. ಮುಖವೂ ಊದಿತ್ತು. ಕಣ್ಣು ಮಾತ್ರ ಅದೇ. ಮೀಸೂ ಕಿರೀಟ ಕಳಚಿ ನೆಲಕ್ಕಿಟ್ಟು, ಬಾಳೆಲೆಯ ಅನ್ನ ಬಿಚ್ಚುತ್ತ ಕೂತಳು.

"ಕಾರ್ಡು ಕೊಟ್ರಾ?" ಎಂದಳು ತಾಯಿ.

"ಇಲ್ಲವ್ವಾ."

"ಚೀಟಿ?"

"ಅದೂ ಇಲ್ಲ."

"ಮತ್ತೆ ಹೆಂಗೆ ಬಂದೆ?"

"ನಡ್ಕೊಂಡು ಬಂದೆ."

ಮುದುಕಿ ಮಗಳನ್ನೇ ನೋಡಿದಳು. ಆಮೇಲೆ ಕೈಯೂರಿ, ಏದುಸಿರು ಬಿಡುತ್ತ, ಗೋಡೆಯ ಕಡೆಗೆ ಸರಿದು ಚಾಪೆಯಲ್ಲಿ ಜಾಗ ಮಾಡಿದಳು.